ಯಾವೂರು, ಯಾರ ಪೈಕಿ?

ಮನೆಯನ್ನೇ ಗಾಲಿಯ ಮೇಲೆ ಇಟ್ಟುಕೊಂಡು ಹೊರಟವರಿಗೆ ದಿನವೂ ಎರಡು ಪ್ರಶ್ನೆಗಳು ಎದುರಾಗುತ್ತವೆ. ಇವತ್ತು ರಾತ್ರಿ ಗಾಡಿ ಎಲ್ಲಿ ನಿಲ್ಲಿಸುವುದು? ಗಾಡಿ ಕೆಟ್ಟರೆ ಯಾರ ಕೈಗೆ ಕೊಡುವುದು? ಕಾರಿನಲ್ಲಿ ಹೊರಟವರ ಕಾರು ಕೆಟ್ಟರೆ ಲಾಡ್ಜಿಗೆ ಹೋಗಿ ಮಲಗಬಹುದು. ಕ್ಯಾರವಾನಿನಲ್ಲಿ ಹೊರಟವರಿಗೆ ಹಾಗಲ್ಲ. ಅಡುಗೆ, ಹಾಸಿಗೆ, ಮಕ್ಕಳ ಬಟ್ಟೆ, ದುಡ್ಡು ಎಲ್ಲವೂ ಗಾಡಿಯೊಳಗೇ ಇರುತ್ತವೆ. ಮೆಕ್ಯಾನಿಕ್‌ಗೆ ಕೀಲಿಕೈ ಕೊಟ್ಟರೆ ಮನೆಯ ಕೀಲಿಕೈಯನ್ನೇ ಕೊಟ್ಟ ಹಾಗೆ. ಎರಡೂ ಪ್ರಶ್ನೆಗಳ ತಳದಲ್ಲಿರುವುದು ಒಂದೇ: ನಾನು ಹಿಂದೆಂದೂ ನೋಡದ, ಮುಂದೆಂದೂ ನೋಡಲಾರದ ಒಬ್ಬನನ್ನು ಯಾವ ಆಧಾರದ ಮೇಲೆ ನಂಬಲಿ?

ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮಕ್ಕೆಂದೇ ಒಂದು ನೀತಿ ತಂದಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ರಸ್ತೆಗಳಲ್ಲಿ ಅಂಥ ಗಾಡಿಗಳು ಅಪರೂಪ. ಆದರೆ ಮನೆ ಹೊತ್ತು ತಿರುಗುವವರು ಇಲ್ಲಿ ಅಪರೂಪವಲ್ಲ. ಕುದುರೆ, ಕತ್ತೆಗಳ ಬೆನ್ನ ಮೇಲೆ ಪಾತ್ರೆ ಕಂಬಳಿ ಹೇರಿಕೊಂಡು ಹೆಂಡತಿ ಮಕ್ಕಳ ಸಮೇತ ಕುರಿ ಹಿಂಡಿನ ಹಿಂದೆ ನಡೆಯುವ ಕುರಿಗಾರರಿದ್ದಾರೆ. ಭತ್ತದ ಕೊಯ್ಲಿನ ಹೊತ್ತಿಗೆ ಕಟಾವು ಯಂತ್ರಗಳ ಜೊತೆ ತಮಿಳುನಾಡಿನಿಂದ ಗಂಗಾವತಿ ಸೀಮೆಗೆ ಬಂದು, ಯಂತ್ರದ ಪಕ್ಕದಲ್ಲೇ ಉಂಡು ಮಲಗುವ ಹುಡುಗರಿದ್ದಾರೆ. ಕುಷ್ಟಗಿಯ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ತಿಂಗಳುಗಟ್ಟಲೆ ಕ್ಯಾಬಿನ್ನನ್ನೇ ಮನೆ ಮಾಡಿಕೊಂಡ ಲಾರಿ ಚಾಲಕರಿದ್ದಾರೆ. ಹುಲಿಗೆಮ್ಮನ ದರ್ಶನಕ್ಕೆ ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದು ಬಯಲಲ್ಲಿ ಒಲೆ ಹೂಡುವ ಕುಟುಂಬಗಳಿವೆ. ಇವರಿಗೆ ಆ ಎರಡು ಪ್ರಶ್ನೆಗಳು ರಜೆಯ ಪ್ರಶ್ನೆಗಳಲ್ಲ, ಹೊಟ್ಟೆಪಾಡಿನ ಪ್ರಶ್ನೆಗಳು.

ಲಾರಿ ಚಾಲಕರ ಬಳಿ ಇದಕ್ಕೆ ಕೆಲವು ಸಿದ್ಧ ಉತ್ತರಗಳಿವೆ. ಹೆಚ್ಚು ಲಾರಿ ನಿಂತ ಢಾಬಾದಲ್ಲೇ ನಿಲ್ಲಿಸು. ಕತ್ತಲಾದ ಮೇಲೆ ಬೆಳಕಿರುವ ಪೆಟ್ರೋಲ್ ಬಂಕ್ ಬಿಟ್ಟು ಬೇರೆಲ್ಲೂ ಮಲಗಬೇಡ. ಕೆಲಸಕ್ಕೆ ಕೈ ಹಾಕುವ ಮೊದಲೇ ರೇಟು ಮಾತಾಡು. ಬಿಚ್ಚುವಾಗ ಪಕ್ಕದಲ್ಲೇ ನಿಂತಿರು. ತೆಗೆದ ಹಳೇ ಸಾಮಾನನ್ನು ವಾಪಸ್ ಕೇಳು. ಇವೆಲ್ಲ ಒಳ್ಳೆಯ ಬುದ್ಧಿಮಾತುಗಳೇ. ಆದರೆ ಗಮನಿಸಿದರೆ, ಇವು ನಂಬುವುದು ಹೇಗೆ ಎಂದು ಹೇಳಿಕೊಡುವುದಿಲ್ಲ. ನಂಬದೆಯೂ ಕೆಲಸ ಮುಗಿಸಿಕೊಳ್ಳುವುದು ಹೇಗೆ ಎಂದು ಹೇಳಿಕೊಡುತ್ತವೆ. ಎಷ್ಟೇ ಎಚ್ಚರ ವಹಿಸಿದರೂ ಕೊನೆಗೊಂದು ಸಂದು ಉಳಿದೇ ಉಳಿಯುತ್ತದೆ. ಚಕ್ರದ ನಟ್ಟನ್ನು ಆತ ಪೂರ್ತಿ ಬಿಗಿದಿದ್ದಾನೋ ಇಲ್ಲವೋ ಗೊತ್ತಾಗುವುದು ಹೊಸಪೇಟೆ ದಾಟಿದ ಮೇಲೆ. ನಂಬಿಕೆ ಎಂಬ ಮಾತಿಗೆ ಅರ್ಥ ಬರುವುದು ಆ ಸಂದಿನಲ್ಲಿ.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಸಿದ್ಧ ಲೇಖನ ಬರೆದರು. ಮಾರುವವನಿಗೆ ಗಾಡಿಯ ಹುಳುಕು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಗಾಡಿಗೂ ಅನುಮಾನದ ಬೆಲೆಯನ್ನೇ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವನು ಮಾರಲಾರ. ಕೊನೆಗೆ ಕೆಟ್ಟ ಗಾಡಿಗಳೇ ಉಳಿಯುತ್ತವೆ. ಮೋಸದ ನಷ್ಟ ಮೋಸಹೋದವನೊಬ್ಬನದಲ್ಲ, ಪ್ರಾಮಾಣಿಕ ವ್ಯಾಪಾರಿಯೂ ಅದರಿಂದ ಅಂಗಡಿ ಮುಚ್ಚಬೇಕಾಗುತ್ತದೆ ಎಂಬುದು ಅವರ ವಾದ. ಹೆದ್ದಾರಿ ಬದಿಯ ಗ್ಯಾರೇಜಿಗೂ ಇದು ಒಪ್ಪುತ್ತದೆ. ಎಲ್ಲ ಮೆಕ್ಯಾನಿಕ್‌ಗಳೂ ಸುಲಿಯುತ್ತಾರೆ ಎಂದುಕೊಂಡೇ ಬರುವ ಗಿರಾಕಿ ಸರಿಯಾದ ಕೂಲಿ ಕೇಳಿದವನ ಜೊತೆಗೂ ಚೌಕಾಸಿ ಮಾಡುತ್ತಾನೆ. ಹಾಗಾದಾಗ ಸರಿಯಾದ ಕೂಲಿ ಕೇಳುವುದೇ ಮೂರ್ಖತನವಾಗಿಬಿಡುತ್ತದೆ. ನಮ್ಮ ಅನುಮಾನವೂ ಅಪ್ರಾಮಾಣಿಕತೆಯನ್ನು ಬೆಳೆಸುವ ಗೊಬ್ಬರವಾಗಬಹುದು.

ಇದಕ್ಕೂ ಬಹಳ ಹಿಂದೆ, 1785ರ ತಮ್ಮ ನೀತಿಶಾಸ್ತ್ರದ ಗ್ರಂಥದಲ್ಲಿ ಇಮ್ಯಾನುಯೆಲ್ ಕಾಂಟ್ ಒಬ್ಬ ಅಂಗಡಿಯವನ ಉದಾಹರಣೆ ಕೊಟ್ಟಿದ್ದರು. ಆತ ಚಿಕ್ಕ ಹುಡುಗ ಬಂದರೂ ಹೆಚ್ಚು ಬೆಲೆ ಹೇಳುವುದಿಲ್ಲ. ಹಾಗಂತ ಆತ ನೀತಿವಂತನೇ? ಹೇಳಲಾಗದು ಎನ್ನುತ್ತಾರೆ ಕಾಂಟ್. ಒಳ್ಳೆಯ ಹೆಸರಿದ್ದರೆ ವ್ಯಾಪಾರ ನಡೆಯುತ್ತದೆ ಎಂಬ ಲೆಕ್ಕದಿಂದಲೂ ಆತ ಹಾಗೆ ನಡೆದುಕೊಂಡಿರಬಹುದು. ಯಲಬುರ್ಗಾದ ಸಂತೆಯಲ್ಲಿ ಪ್ರತಿ ವಾರ ಅದೇ ಮುಖಗಳನ್ನು ನೋಡುವ ವ್ಯಾಪಾರಿಗೆ ಈ ಲೆಕ್ಕ ಅನ್ವಯಿಸುತ್ತದೆ. ಕುಷ್ಟಗಿ ಬೈಪಾಸಿನಲ್ಲಿ ಪಂಕ್ಚರ್ ಹಾಕುವವನಿಗೆ ಅನ್ವಯಿಸುವುದಿಲ್ಲ. ಅವನ ಮುಂದೆ ನಿಂತ ಗಾಡಿ ಮಹಾರಾಷ್ಟ್ರದ್ದು. ಮತ್ತೆ ಬರುವುದಿಲ್ಲ, ಬಂದರೂ ಇದೇ ಜಾಗದಲ್ಲಿ ಚಕ್ರ ಇಳಿಯುವುದಿಲ್ಲ. ಒಂದು ತೂತಿಗೆ ಮೂರು ತೂತಿನ ದುಡ್ಡು ಕೇಳಿದರೂ ಕೇಳುವವರಿಲ್ಲ. ಅಲ್ಲಿ ಆತ ಒಂದು ತೂತಿಗೆ ಒಂದರದ್ದೇ ದುಡ್ಡು ತೆಗೆದುಕೊಂಡರೆ ಅದನ್ನು ಲಾಭದ ಲೆಕ್ಕದಿಂದ ವಿವರಿಸಲು ಬರುವುದಿಲ್ಲ. ದಾರಿಹೋಕನ ಮುಂದೆ ಕಾಂಟ್‌ರ ಅನುಮಾನಕ್ಕೆ ಜಾಗವಿಲ್ಲ.

ಹಾಗಾದರೆ ಆತ ಕರ್ತವ್ಯಪ್ರಜ್ಞೆಯಿಂದ ಹಾಗೆ ಮಾಡಿದನೇ? ಇಲ್ಲಿ ನನಗೆ ಕಾಂಟ್‌ರಿಗಿಂತ ನಮ್ಮ ಕಡೆಯ ಒಂದು ತಿಳಿವಳಿಕೆ ಹೆಚ್ಚು ಹತ್ತಿರವೆನಿಸುತ್ತದೆ. ಒಳ್ಳೆಯ ಕೆಲಸಗಾರ ಅನೇಕ ಸಲ ಪ್ರಾಮಾಣಿಕನಾಗಿರುವುದು ನಮಗಲ್ಲ, ಕೆಲಸಕ್ಕೆ. ನಟ್ಟು ಸಡಿಲ ಬಿಟ್ಟರೆ ಅವನ ಕೈಗೇ ಸಮಾಧಾನವಾಗುವುದಿಲ್ಲ. ಗಾಡಿ ಯಾರದ್ದು ಎನ್ನುವುದು ಅವನಿಗೆ ಆಮೇಲಿನ ಮಾತು. ಕಾಯಕ ಎಂಬ ದೊಡ್ಡ ಶಬ್ದವನ್ನು ಆತ ಬಳಸಲಿಕ್ಕಿಲ್ಲ, ಆದರೆ ಆ ಶಬ್ದ ಹುಟ್ಟಿದ್ದು ಇಂಥವರ ಕೈಯನ್ನು ನೋಡಿಯೇ ಇರಬೇಕು.

ಫೋನಿನಲ್ಲಿ ನಕ್ಷತ್ರ ಕೊಡುವ ಈಗಿನ ಪದ್ಧತಿ ಈ ಸಮಸ್ಯೆಯನ್ನು ಬೇರೆ ದಾರಿಯಿಂದ ಬಗೆಹರಿಸಲು ನೋಡುತ್ತದೆ. ದಾರಿಹೋಕ ಮತ್ತೆ ಬರಲಾರ ನಿಜ. ಆದರೆ ಅವನು ಬರೆದು ಹೋದದ್ದು ಉಳಿಯುತ್ತದೆ. ಅಂದರೆ ಒಂದೇ ಸಲ ಬಂದವನಿಗೂ ಖಾಯಂ ಗಿರಾಕಿಯ ಬಲ ಸಿಕ್ಕಂತೆ. ಇದು ಸಣ್ಣ ಉಪಕಾರವಲ್ಲ. ಆದರೆ ತತ್ವಶಾಸ್ತ್ರಜ್ಞೆ ಅನೆಟ್ ಬೇಯರ್ 1986ರ ತಮ್ಮ ಲೇಖನದಲ್ಲಿ ಗುರುತಿಸಿದ ವ್ಯತ್ಯಾಸ ಇಲ್ಲಿ ಮುಖ್ಯ. ಇನ್ನೊಬ್ಬನ ಭಯವನ್ನೋ ಲಾಭವನ್ನೋ ಆಧರಿಸಿ ನಡೆಯುವುದು ಬೇರೆ, ಅವನ ಒಳ್ಳೆಯತನವನ್ನು ಆಧರಿಸಿ ನಡೆಯುವುದು ಬೇರೆ. ಎರಡನೆಯದನ್ನು ಮಾತ್ರ ಅವರು ನಂಬಿಕೆ ಎನ್ನುತ್ತಾರೆ. ನಂಬುವುದೆಂದರೆ ನನಗೆ ಕೇಡು ಮಾಡುವ ಅವಕಾಶವನ್ನು ನಾನೇ ಇನ್ನೊಬ್ಬನ ಕೈಗೆ ಕೊಡುವುದು, ಆತ ಅದನ್ನು ಬಳಸುವುದಿಲ್ಲ ಎಂದುಕೊಂಡು. ನಕ್ಷತ್ರಗಳು ಅವಕಾಶವನ್ನು ಕಡಿಮೆ ಮಾಡುತ್ತವೆ, ಒಳ್ಳೆಯತನವನ್ನು ಹುಟ್ಟಿಸುವುದಿಲ್ಲ.

ಇಷ್ಟು ಹೊತ್ತು ಪ್ರಯಾಣಿಕನ ಕಡೆಯಿಂದ ನೋಡಿದೆವು. ಊರಿನ ಕಡೆಯಿಂದ ನೋಡಿದರೆ ಅನುಮಾನಕ್ಕೆ ಹೆಚ್ಚು ಕಾರಣವಿರುವುದು ನೆಲದವರಿಗೇ. ಕುರಿಗಾರ ಮತ್ತು ರೈತನ ಸಂಬಂಧ ನೋಡಿ. ರೈತನಿಗೆ ಗೊಬ್ಬರ ಬೇಕು, ಕುರಿಗಾರನಿಗೆ ರಾತ್ರಿ ತಂಗಲು ನೆಲ ಬೇಕು. ಹಿಂಡು ಹೊಲದಲ್ಲಿ ಕೂತರೆ ಹಿಕ್ಕೆ, ಗಂಜಲದಿಂದ ಭೂಮಿಗೆ ಬಲ. ಅದಕ್ಕೆ ಪ್ರತಿಯಾಗಿ ಕುರಿಗಾರನಿಗೆ ಕಾಳೋ ದುಡ್ಡೋ. ಲೆಕ್ಕ ಸರಳವಾಗಿದೆ. ಆದರೆ ರಾತ್ರಿ ಹಿಂಡು ಪಕ್ಕದ ಹೊಲದ ಬೆಳೆಗೆ ಬಾಯಿ ಹಾಕಿದರೆ ಜಗಳ ರೈತನ ತಲೆಗೆ. ಕುರಿ ಕಳುವಾದರೆ ನಷ್ಟ ಕುರಿಗಾರನಿಗೆ. ಇಬ್ಬರೂ ತಮ್ಮ ಕೇಡಿನ ಅವಕಾಶವನ್ನು ಇನ್ನೊಬ್ಬರ ಕೈಗೆ ಕೊಟ್ಟೇ ಮಲಗುತ್ತಾರೆ. ಆ ನಂಬಿಕೆ ಒಂದು ರಾತ್ರಿಯಲ್ಲಿ ಹುಟ್ಟಿದ್ದಲ್ಲ. ಅದೇ ದಾರಿ, ಅದೇ ಹೊಲ, ಅಪ್ಪನ ಕಾಲದಿಂದ ಬಂದ ಪರಿಚಯ ಅದಕ್ಕೆ ಬೆನ್ನಾಗಿರುತ್ತದೆ.

ಅಪರಿಚಿತರನ್ನು ಪರೀಕ್ಷಿಸುವ ಬಹುದೊಡ್ಡ ಕಥೆಯೊಂದು ಇದೇ ನೆಲದ್ದೆಂದು ಜನ ನಂಬಿದ್ದಾರೆ. ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಅಂಜನಾದ್ರಿ, ಪಂಪಾಸರೋವರದ ಸುತ್ತಲಿನ ಸೀಮೆಯೇ ಕಿಷ್ಕಿಂಧೆ. ವಾಲ್ಮೀಕಿಯ ಕಥೆಯಲ್ಲಿ ನಾರುಮಡಿ ಉಟ್ಟು ಬಿಲ್ಲು ಹಿಡಿದು ಬಂದ ಇಬ್ಬರನ್ನು ಕಂಡು ಮೊದಲು ಹೆದರಿದವನು ಸುಗ್ರೀವ. ವಾಲಿ ಕಳಿಸಿದವರಿರಬೇಕು ಎಂದು ಅವನ ಅನುಮಾನ. ಹನುಮಂತ ಭಿಕ್ಷುವಿನ ವೇಷದಲ್ಲಿ ಹೋಗಿ ಅವರು ಯಾರು, ಏತಕ್ಕೆ ಬಂದರು ಎಂದು ವಿಚಾರಿಸುತ್ತಾನೆ. ಆಮೇಲೆ ಅಗ್ನಿಸಾಕ್ಷಿಯಾಗಿ ಸ್ನೇಹವಾಗುತ್ತದೆ. ವಿಚಿತ್ರವೆಂದರೆ ಸ್ನೇಹವಾದ ನಂತರವೂ ಸುಗ್ರೀವನ ಅನುಮಾನ ಹೋಗುವುದಿಲ್ಲ. ಸಾಲವೃಕ್ಷಗಳನ್ನು ಬಾಣದಿಂದ ಭೇದಿಸಿ ರಾಮ ತನ್ನ ಬಲವನ್ನು ತೋರಿಸಬೇಕಾಗುತ್ತದೆ. ಕೊನೆಗೆ ಮಾತು ಮರೆತವನು ಪರೀಕ್ಷೆ ಮಾಡಿದ ಸುಗ್ರೀವನೇ. ಮಳೆಗಾಲ ಮುಗಿದರೂ ಸೀತೆಯನ್ನು ಹುಡುಕುವ ನೆನಪಿಲ್ಲದೆ ಲಕ್ಷ್ಮಣನ ಸಿಟ್ಟನ್ನು ಎದುರಿಸಬೇಕಾಯಿತು. ಯಾವ ಪುರಾವೆಯೂ ನಂಬಿಕೆಯ ಸಂದನ್ನು ಪೂರ್ತಿ ಮುಚ್ಚಲಾರದು ಎಂಬುದು ಈ ಕಥೆಗೆ ಗೊತ್ತಿದೆ. ಇನ್ನೊಂದೂ ಗೊತ್ತಿದೆ: ಇಬ್ಬರ ನಂಬಿಕೆಯ ಬೆಲೆಯನ್ನು ಮೂರನೆಯವನು, ಮರೆಯಿಂದ ಬಂದ ಬಾಣಕ್ಕೆ ಬಿದ್ದ ವಾಲಿ, ತೆತ್ತ.

ಹನುಮಂತ ಕೇಳಿದ ಪ್ರಶ್ನೆಯನ್ನು ನಮ್ಮ ಊರುಗಳು ಇವತ್ತಿಗೂ ಕೇಳುತ್ತವೆ. "ಯಾವೂರ್ರಿ ನಿಮ್ದು? ಯಾರ ಪೈಕಿ?" ಮೊದಲನೆಯದು ದಾರಿಯ ಪ್ರಶ್ನೆ, ಎರಡನೆಯದು ಜಾತಿಯ ಪ್ರಶ್ನೆ. ಕೇಳುವ ದನಿಯಲ್ಲಿ ಬಹಳ ಸಲ ಅಕ್ಕರೆಯೇ ಇರುತ್ತದೆ. ಸಂಬಂಧದ ಎಳೆಯೊಂದು ಸಿಕ್ಕಿದರೆ ಚಹಾ ಬರುತ್ತದೆ, ಊಟ ಬರುತ್ತದೆ, ಮೆಕ್ಯಾನಿಕ್‌ನ ಫೋನ್ ನಂಬರೂ ಬರುತ್ತದೆ. ಆದರೆ ಅದೇ ಪ್ರಶ್ನೆ ಜರಡಿಯೂ ಹೌದು. ಎಳೆ ಸಿಗದವನು ಹೊರಗೇ ಉಳಿಯುತ್ತಾನೆ. ನಮ್ಮವರನ್ನು ನಂಬುವುದೆಂದರೆ ಎಷ್ಟೋ ಸಲ ನಮ್ಮವರಲ್ಲದವರನ್ನು ದೂರವಿಡುವುದೇ ಆಗಿರುತ್ತದೆ.

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಮೇಲೆ ಹಲ್ಲೆ ನಡೆದು ಅವರ ಮನೆಗಳಿಗೆ ಬೆಂಕಿ ಬಿತ್ತು. ಅದರ ಹಿಂದಿದ್ದದ್ದು ಕ್ಷೌರದಂಗಡಿ ಮತ್ತು ಹೋಟೆಲುಗಳಲ್ಲಿ ದಲಿತರಿಗೆ ಪ್ರವೇಶ ನಿರಾಕರಣೆಯ ವಿವಾದ. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು; ಪ್ರಕರಣ ಮೇಲ್ಮನವಿಗೆ ಹೋಯಿತು. ಇಲ್ಲಿ ಬಾಗಿಲು ಮುಚ್ಚಿದ್ದು ದಾರಿಹೋಕನಿಗಲ್ಲ, ಅದೇ ಊರಿನಲ್ಲಿ ಹುಟ್ಟಿದವರಿಗೆ. ದೊಡ್ಡ ಗಾಡಿಯಲ್ಲಿ ಬಂದಿಳಿದ ಅಪರಿಚಿತನಿಗೆ ಸಿಗುವ ಒಂದು ಕಪ್ ಚಹಾ ನೆರೆಯವನಿಗೆ ಸಿಗದಿದ್ದರೆ, ಅಂಥ ಊರನ್ನು ಪ್ರವಾಸಿಗರಿಗೆ ನಂಬಿಕಸ್ತ ಜಾಗವೆಂದು ಶಿಫಾರಸು ಮಾಡುವುದು ಹೇಗೆ? ಯಾರಿಗೆ ನಂಬಿಕಸ್ತ ಎಂಬುದನ್ನು ಬಿಟ್ಟು ನಂಬಿಕೆಯ ಮಾತಾಡಲು ಬರುವುದಿಲ್ಲ.

ಅಪರಿಚಿತರನ್ನು ನಂಬಿ ಎಂದು ಸಲೀಸಾಗಿ ಉಪದೇಶಿಸುವುದೂ ಸಾಧ್ಯವಿಲ್ಲ. 2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಹತ್ತಿರ ತುಂಗಭದ್ರಾ ಎಡದಂಡೆ ಕಾಲುವೆಯ ಬಳಿ ಕೂತಿದ್ದ ಪ್ರವಾಸಿಗರ ಮೇಲೆ ದಾಳಿಯಾಯಿತು. ಬೈಕಿನಲ್ಲಿ ಬಂದವರು ಮೊದಲು ಕೇಳಿದ್ದು ಪೆಟ್ರೋಲ್ ವಿಷಯ ಎಂದು ವರದಿಯಾಗಿತ್ತು. ಆಮೇಲೆ ದುಡ್ಡು, ಆಮೇಲೆ ಹಲ್ಲೆ. ಗಂಡಸರನ್ನು ಕಾಲುವೆಗೆ ತಳ್ಳಿದರು, ಒಬ್ಬ ಯುವಕ ಸತ್ತ. ಪ್ರವಾಸಿ ಮಹಿಳೆಯ ಮೇಲೆ, ಅವರಿಗೆ ಆತಿಥ್ಯ ನೀಡಿದ್ದ ಮಹಿಳೆಯ ಮೇಲೆ ಅತ್ಯಾಚಾರವಾಯಿತು. ದಾರಿಯಲ್ಲಿ ಯಾರಾದರೂ ಕೇಳಬಹುದಾದ ಅತಿ ಸಾಧಾರಣ ಪ್ರಶ್ನೆಯನ್ನೇ ಆಯುಧ ಮಾಡಿಕೊಂಡರೆ ಅದರ ಕೇಡು ಆ ರಾತ್ರಿಗೆ ಮುಗಿಯುವುದಿಲ್ಲ. ಮುಂದೆ ನಿಜವಾಗಿಯೂ ಪೆಟ್ರೋಲ್ ಮುಗಿದು ನಿಂತವನ ಮುಖಕ್ಕೆ ಬಾಗಿಲು ಮುಚ್ಚಲ್ಪಡುತ್ತದೆ. ನಂಬಿ ಮೋಸಹೋದರೆ ನನಗೆ ನೂರೋ ಇನ್ನೂರೋ ರೂಪಾಯಿ ಹೋಗಬಹುದು. ಒಬ್ಬ ಹೆಣ್ಣುಮಗಳಿಗೆ ಹೋಗುವುದು ಅಷ್ಟೇ ಅಲ್ಲ. ನಂಬುವುದರ ಬೆಲೆ ಎಲ್ಲರಿಗೂ ಒಂದೇ ಅಲ್ಲದಿರುವಾಗ, ನಂಬದವರನ್ನು ಸಣ್ಣ ಮನಸ್ಸಿನವರೆಂದು ಕರೆಯುವ ಅಧಿಕಾರ ಯಾರಿಗೂ ಇಲ್ಲ.

ತತ್ವಶಾಸ್ತ್ರಜ್ಞೆ ಒನೋರಾ ಓನೀಲ್ 2002ರ ರೀತ್ ಉಪನ್ಯಾಸಗಳಲ್ಲಿ ನಂಬಿಕೆಯ ಬಗ್ಗೆ ಮಾತಾಡಿದ್ದರು. ಜನ ಇನ್ನಷ್ಟು ನಂಬಬೇಕು ಎನ್ನುವುದು ಅವರ ನಿಲುವಲ್ಲ; ನಂಬಿಕೆಗೆ ಅರ್ಹರಾದವರನ್ನು ನಂಬಬೇಕು, ಅರ್ಹರಲ್ಲದವರನ್ನು ನಂಬಬಾರದು. ಹಾಗೆ ನೋಡಿದರೆ ಹೊಣೆ ಪ್ರಯಾಣಿಕನ ಹೆಗಲಿನಿಂದ ಇಳಿದು ನೆಲದವರ ಹೆಗಲಿಗೆ ಬರುತ್ತದೆ. ಯಾರನ್ನು ನಂಬಲಿ ಎಂಬುದು ದಾರಿಹೋಕನ ಪ್ರಶ್ನೆ. ನಾವು ನಂಬಿಕೆಗೆ ಅರ್ಹರಾಗಿದ್ದೇವೆಯೇ ಎಂಬುದು ಊರಿನ ಪ್ರಶ್ನೆ. ಮೊದಲನೆಯದಕ್ಕೆ ಉಪಾಯಗಳಿವೆ, ಎರಡನೆಯದಕ್ಕೆ ನಡತೆ ಮಾತ್ರ ಉತ್ತರ.

ಆ ನಡತೆಯ ಮಾದರಿಗಳು ನಮ್ಮಲ್ಲಿ ಇಲ್ಲದಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲಿ ಲಕ್ಷಗಟ್ಟಲೆ ಜನ ಉಣ್ಣುತ್ತಾರೆ. ಸುತ್ತಲ ಹಳ್ಳಿಗಳಿಂದ ಬಂದ ರೊಟ್ಟಿಯನ್ನು ಯಾರು ಬಡಿದರೆಂದು ಉಣ್ಣುವವರಿಗೆ ಗೊತ್ತಿಲ್ಲ, ಯಾರು ಉಂಡರೆಂದು ಬಡಿದವರಿಗೂ ಗೊತ್ತಿಲ್ಲ. ಬೇಸಿಗೆಯಲ್ಲಿ ರಸ್ತೆ ಬದಿ ಇಡುವ ಅರವಟ್ಟಿಗೆಯದೂ ಇದೇ ರೀತಿ. ಮಣ್ಣಿನ ಗಡಿಗೆ, ಮೇಲೊಂದು ತಟ್ಟೆ, ಒಂದು ಲೋಟ. ಇಟ್ಟವರು ಅಲ್ಲಿ ನಿಂತಿರುವುದಿಲ್ಲ. ಕುಡಿಯುವವನು ನೀರು ಶುದ್ಧವಿದೆ ಎಂದು ನಂಬಿ ಕುಡಿಯುತ್ತಾನೆ. ಇಟ್ಟವರು ಲೋಟ ಅಲ್ಲೇ ಇರುತ್ತದೆ ಎಂದು ನಂಬಿ ಹೋಗಿರುತ್ತಾರೆ. ಯಾರ ಪೈಕಿ ಎಂದು ಗಡಿಗೆ ಕೇಳುವುದಿಲ್ಲ.

ಒಂದು ಊರು ಹೇಗಿದೆ ಎಂದು ತಿಳಿಯಬೇಕಾದರೆ ಇಬ್ಬರನ್ನು ಕೇಳಬೇಕು ಎನಿಸುತ್ತದೆ. ಒಬ್ಬ, ದೂರು ಹೇಳಲು ಮತ್ತೆ ಬರಲಾರದ ದಾರಿಹೋಕ. ಇನ್ನೊಬ್ಬ, ಊರು ಬಿಟ್ಟು ಹೋಗಲಾರದ ನೆರೆಯವ. ಇಬ್ಬರಿಂದಲೂ ಊರಿಗೆ ಲಾಭವಿಲ್ಲ, ಇಬ್ಬರ ಭಯವೂ ಊರಿಗಿಲ್ಲ. ದಾರಿಹೋಕನ ಚಕ್ರದ ನಟ್ಟನ್ನು ಪೂರ್ತಿ ಬಿಗಿದು ಕಳಿಸುವ, ನೆರೆಯವನಿಗೆ ಅದೇ ಬೆಂಚಿನ ಮೇಲೆ ಅದೇ ಕಪ್ಪಿನಲ್ಲಿ ಚಹಾ ಕೊಡುವ ಊರಿನಲ್ಲಿ ಯಾರು ಬೇಕಾದರೂ ಗಾಡಿ ನಿಲ್ಲಿಸಿ ಮಲಗಬಹುದು.