ಕರಗಿದ್ದೆಲ್ಲ ಒಂದೇ ಆಯಿತೆ?

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದಲ್ಲಿ ಮುಕ್ತೀಶ್ವರನ ಗುಡಿಯಿದೆ, ಅಮ್ಮಾಜಾನ್ ಬಾವಾಜಾನ್ ದರ್ಗಾವೂ ಇದೆ. ದರ್ಗಾಕ್ಕೆ ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳೂ ಇದ್ದಾರೆ. ಇಂಥ ಊರಿನ ಮಾತು ಬಂದರೆ ‘ಎಲ್ಲ ದೇವರೂ ಒಂದೇ’ ಎಂದು ಹೇಳಿ ಮುಗಿಸುವುದು ನಮಗೆ ರೂಢಿ. ಆ ಮಾತಿಗೆ ಆಸರೆಯಾಗಿ ಛಾಂದೋಗ್ಯ ಉಪನಿಷತ್ತಿನ ಉಪ್ಪನ್ನು ತರುವವರಿದ್ದಾರೆ. ಉದ್ದಾಲಕ ತನ್ನ ಮಗ ಶ್ವೇತಕೇತುವಿನಿಂದ ನೀರಿಗೆ ಉಪ್ಪು ಹಾಕಿಸುತ್ತಾನೆ. ಮರುದಿನ ಕಣ್ಣಿಗೆ ಉಪ್ಪಿಲ್ಲ, ಆದರೆ ಮೇಲೆ, ನಡುವೆ, ತಳದಲ್ಲಿ ಎಲ್ಲಿ ರುಚಿ ನೋಡಿದರೂ ಉಪ್ಪೇ. ಬೃಹದಾರಣ್ಯಕದ ಯಾಜ್ಞವಲ್ಕ್ಯನಂತೂ ಕರಗಿದ ಉಪ್ಪನ್ನು ಮರಳಿ ಎತ್ತಲಾಗದು ಎನ್ನುತ್ತಾನೆ. ಹಾಗಾದರೆ ಬೆರೆಯುವುದೆಂದರೆ ಒಂದೇ ಆಗಿಬಿಡುವುದೆ?

ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನ ಆಗರಗಳು ಇದಕ್ಕೆ ಬೇರೆಯೇ ಸಾಕ್ಷಿ ನುಡಿಯುತ್ತವೆ. ಭರತದ ವೇಳೆ ಒಳಬಿಟ್ಟ ಉಪ್ಪುನೀರನ್ನು ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹರಿಸುತ್ತ ಬಿಸಿಲು, ಗಾಳಿಗೆ ಒಡ್ಡುತ್ತಾರೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ; ನಾಲಿಗೆಗೆ ಅವೆಲ್ಲ ಒಂದೇ ಉಪ್ಪು. ಬಿಸಿಲಿನ ಲೆಕ್ಕ ಬೇರೆ. ನೀರು ಗಟ್ಟಿಯಾಗುತ್ತ ಬಂದಂತೆ ಮೊದಲು ಸುಣ್ಣದ ಅಂಶ, ಆಮೇಲೆ ಜಿಪ್ಸಂ ತಳ ಸೇರುತ್ತವೆ. ನೀರು ಹತ್ತರಲ್ಲಿ ಒಂದು ಪಾಲಿಗೆ ಇಳಿದಾಗ ಅಡುಗೆಯ ಉಪ್ಪು ಹರಳುಗಟ್ಟುತ್ತದೆ. ಆಗಲೂ ಕರಗಿಯೇ ಉಳಿಯುವ ಮೆಗ್ನೀಸಿಯಂ ಲವಣಗಳ ಕಹಿನೀರನ್ನು ಹೊರಬಿಡದಿದ್ದರೆ ಉಪ್ಪಿಗೂ ಕಹಿ ಹತ್ತುತ್ತದೆ. ಕರಾವಳಿಯಲ್ಲೇ ಹುಟ್ಟಿದ ಮಧ್ವಾಚಾರ್ಯರು ಉಪ್ಪು ಮತ್ತು ನೀರಿನ ಇದೇ ದೃಷ್ಟಾಂತವನ್ನು ಜೀವ ಮತ್ತು ಈಶ್ವರರ ಭೇದಕ್ಕೆ ಎತ್ತಿ ಹಿಡಿದರು.

ನೀರು ಆರಿದಾಗ ಮೂಡುವುದು ಮೊದಲು ಹಾಕಿದ ಹರಳಲ್ಲ, ಕರಗುವಾಗಲೇ ಅದು ಅಯಾನುಗಳಾಗಿ ಒಡೆದಿತ್ತು ಎಂದು ಜೀವ, ಈಶ್ವರ ಒಂದೇ ಎನ್ನುವ ಅದ್ವೈತಿ ಆಕ್ಷೇಪಿಸಬಹುದು. ನಿಜ, ರೂಪ ಅಳಿಯಿತು. ಆದರೆ ಯಾವುದು ಯಾವಾಗ ಹರಳಾಗಬೇಕೆಂಬ ಗುಣ ಅಳಿಯಲಿಲ್ಲ. ಕಾಣದ್ದು ಎಲ್ಲೆಡೆ ಇರಬಲ್ಲದು ಎಂಬ ಉದ್ದಾಲಕನ ಪಾಠಕ್ಕೆ ಇದರಿಂದ ಕುಂದಿಲ್ಲ. ಪೂರ್ತಿ ಬೆರೆತದ್ದರಿಂದಲೇ ಎಲ್ಲವೂ ಒಂದಾಯಿತೆಂಬ ತೀರ್ಮಾನ ಮಾತ್ರ ನಿಲ್ಲುವುದಿಲ್ಲ. ಭೇದವನ್ನು ಒಪ್ಪಿದರೆ ಜಗಳಕ್ಕೆ ದಾರಿಯಾಗದೆ ಎಂಬುದು ಇನ್ನೊಂದು ಅಂಜಿಕೆ. ಜಗಳ ಹುಟ್ಟುವುದು ಭೇದದಿಂದಲ್ಲ, ನನ್ನದೊಂದೇ ಇರಬೇಕೆಂಬ ಹಟದಿಂದ. ‘ಎಲ್ಲ ಒಂದೇ’ ಎನ್ನುವ ಔದಾರ್ಯದಲ್ಲೂ ಆ ಹಟ ಅಡಗಿರಬಹುದು: ನಿನ್ನ ದೇವರು ನನ್ನವನೇ ಆದದ್ದರಿಂದ ಮಾತ್ರ ಕೈಮುಗಿಯುತ್ತೇನೆ ಎಂಬ ಷರತ್ತು ಅದರೊಳಗಿದೆ. ಮುರುಗಮಲ್ಲದ ದರ್ಗಾಕ್ಕೆ ಬರುವ ಹಿಂದೂವಿಗೆ ಅದು ದರ್ಗಾ ಎಂದು ಗೊತ್ತು. ಗೊತ್ತಿದ್ದೂ ತಲೆಬಾಗುತ್ತಾನೆ ಎಂಬುದರಲ್ಲೇ ಆ ನಮಸ್ಕಾರದ ಬೆಲೆಯಿದೆ.