ಪರದೆಯ ಬದನೆಕಾಯಿ

ಪುಸ್ತಕದ ಬದನೆಕಾಯಿ ಪಲ್ಯಕ್ಕೆ ಬರುವುದಿಲ್ಲ ಎನ್ನುತ್ತಿದ್ದರು ನಮ್ಮ ಹಿರಿಯರು. ಈಗ ಆ ಬದನೆಕಾಯಿ ಮೊಬೈಲಿನ ಪರದೆಗೆ ಬಂದಿದೆ. ಅದಾದರೂ ಪಲ್ಯಕ್ಕೆ ಬಂದೀತೇ ಎಂದು ಬಿ.ಎಡ್. ಓದುತ್ತಿರುವ ಹೆಣ್ಣುಮಕ್ಕಳು ಯೋಚಿಸಬೇಕು. ನಾಳೆ ತರಗತಿಯ ತುಂಬ ಮಕ್ಕಳಿಗೆ ಬಡಿಸುವವರು ಅವರೇ ತಾನೆ?

2017ರಲ್ಲಿ ಆರಂಭವಾದ ‘ದೀಕ್ಷಾ’ದಲ್ಲಿ ಪಾಠಗಳ ವಿಡಿಯೋಗಳಿವೆ. 2022ರ ಕೊನೆಗೆ ಬಂದ ಚಾಟ್‌ಜಿಪಿಟಿ ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುತ್ತದೆ. ಬೇಸಿಗೆಯಲ್ಲಿ ಸೆಕೆ ಏಕೆಂದರೆ, ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿರುವುದರಿಂದ ಎಂಬ ಸರಿಯಾದ ಉತ್ತರವೇ ಸಿಗುತ್ತದೆ. ಭಾವೀ ಶಿಕ್ಷಕಿ ಅದನ್ನು ಪಾಠಯೋಜನೆಗೆ ಇಳಿಸಿಕೊಳ್ಳುತ್ತಾಳೆ. ಆದರೆ ಮುಂದಿನ ಬೆಂಚಿನ ಹುಡುಗಿ ಎದ್ದು, “ಒಲೆ ಹತ್ತಿರ ಹೋದ್ರೆ ಬಿಸಿ ಜಾಸ್ತಿ. ಬೇಸಿಗೇಲಿ ಸೂರ್ಯನೂ ಹತ್ತಿರ ಬರ್ತಾನಲ್ವಾ ಮಿಸ್?” ಎಂದರೆ? “ಹಾಗಲ್ಲ, ಕೂತ್ಕೋ” ಎಂದುಬಿಡಬಹುದು. ಉತ್ತರವೇನೋ ಸರಿ. ಅಲ್ಲಿರುವುದು ಮಾತ್ರ ಅರಿವಲ್ಲ, ಅಧಿಕಾರ.

ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ನಮಗೆ ಚಳಿಯಿರುವ ಜನವರಿಯ ಮೊದಲ ದಿನಗಳಲ್ಲಿ. ಹಾಗಾದರೆ ಸೆಕೆಗೆ ಕಾರಣವೇನು? ಅದೇ ಮೊಬೈಲಿನ ಟಾರ್ಚನ್ನು ಮೇಜಿನ ಮೇಲೆ ಒಮ್ಮೆ ನೇರವಾಗಿ, ಒಮ್ಮೆ ಓರೆಯಾಗಿ ಬಿಟ್ಟು ನೋಡಲಿ. ಓರೆ ಬೆಳಕು ಅಗಲಕ್ಕೆ ಹರಡಿ ಮಂಕಾಗುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ನಡುಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳದು. ಅದನ್ನು ಕಾಣಲು ಅಂಗಳಕ್ಕೆ ಇಳಿದರೆ ಸಾಕು.

ಅಮೆರಿಕದ ನಾಲ್ವರು ವಿದುಷಿಯರು 135 ಹೆಂಗಸರನ್ನು ಮಾತನಾಡಿಸಿ 1986ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಜ್ಞಾನವೆಂದರೆ ಬಲ್ಲವರಿಂದ ಪಡೆದು ಹಾಗೆಯೇ ಒಪ್ಪಿಸುವ ವಸ್ತು ಎಂದು ನಂಬಿದವರನ್ನೂ, ಅದನ್ನು ತಾವೂ ಕಟ್ಟಬಲ್ಲೆವೆಂದು ಕಂಡುಕೊಂಡವರನ್ನೂ ಅವರು ಅದರಲ್ಲಿ ಗುರುತಿಸಿದರು. ‘ನಿನಗೇನು ಗೊತ್ತು, ಸುಮ್ಮನಿರು’ ಎಂಬ ಮಾತು ಕೇಳುತ್ತಲೇ ಬೆಳೆದ ನಮಗೆ ಈ ವ್ಯತ್ಯಾಸ ಅರ್ಥವಾಗದೇ? ಮೊದಲು ಅಪ್ಪ, ಆಮೇಲೆ ಗಂಡ, ಈಗ ಮೊಬೈಲು. ಹೇಳುವವರು ಬದಲಾದರೂ ನಾವು ತಲೆಯಾಡಿಸುವುದು ತಪ್ಪದಿದ್ದರೆ ಓದಿ ಬಂದ ಭಾಗ್ಯವೇನು?

ಮೊಬೈಲು ಬೇಡವೆನ್ನುವುದು ನನ್ನ ಮಾತಲ್ಲ. ಗ್ರಂಥಾಲಯವಿಲ್ಲದ ಊರಿನ ಹುಡುಗಿಗೆ ಅದು ವರವೇ. ಎಲ್ಲವನ್ನೂ ತಾನೇ ಪರೀಕ್ಷಿಸಿ ನೋಡುವುದು ಯಾರಿಂದಲೂ ಆಗದು. ಆಗದಿದ್ದಲ್ಲಿ, ‘ಇದನ್ನು ನಾನೂ ನಂಬಿ ಹೇಳುತ್ತಿದ್ದೇನೆ, ಮಕ್ಕಳೇ’ ಎನ್ನುವ ಪ್ರಾಮಾಣಿಕತೆಯಾದರೂ ಬೇಕು. ದೇವರ ನೈವೇದ್ಯವನ್ನು ರುಚಿ ನೋಡದೆ ಇಡುತ್ತೇವೆ, ಅದು ಸರಿ. ಮಕ್ಕಳಿಗೆ ಬಡಿಸುವ ಮುನ್ನ ಮಾತ್ರ ಒಂದು ಹನಿಯನ್ನಾದರೂ ಅಂಗೈಗೆ ಹಾಕಿಕೊಂಡು ನೋಡಲೇಬೇಕು.