ಆಶ್ರಿತರನ್ನು ಕೈಬಿಡದ ವ್ರತ

ಮನೆಯಲ್ಲಿ ನಾಯಿಯನ್ನೋ ಬೆಕ್ಕನ್ನೋ ಸಾಕುವುದು ಅಲ್ಪ ಸಂಗತಿಯೆಂದು ಲೋಕದಲ್ಲಿ ಹಲವರು ತಿಳಿದಿದ್ದಾರೆ. ಮಕ್ಕಳ ಆಟಕ್ಕೊಂದು ಮರಿ, ಮನೆಯ ಕಾವಲಿಗೊಂದು ನಾಯಿ, ಇಲಿಯ ಕಾಟಕ್ಕೊಂದು ಬೆಕ್ಕು ಎಂದು ತರುವಾಗ ಯಾರೂ ಹಿರಿಯರನ್ನು ಕೇಳುವುದಿಲ್ಲ, ಹಿಂದುಮುಂದು ನೋಡುವುದಿಲ್ಲ. ಧರ್ಮದೃಷ್ಟಿಯಿಂದ ವಿಚಾರಿಸಿದರೆ ಇದು ಅಲ್ಪವಾದುದಲ್ಲ. ಮಾತು ಬಾರದ ಒಂದು ಜೀವವು ತಾಯಿಯನ್ನೂ ಹುಟ್ಟಿದ ನೆಲೆಯನ್ನೂ ಬಿಟ್ಟು ಬಂದು, ಅನ್ನಕ್ಕೂ ನೀರಿಗೂ ನೆರಳಿಗೂ ಒಬ್ಬ ಗೃಹಸ್ಥನ ಕೈಯನ್ನೇ ನೋಡುವಂತಾಗುತ್ತದೆ. ಆ ಕ್ಷಣದಿಂದ ಅದು ಆಶ್ರಿತ, ಅವನು ಆಶ್ರಯದಾತ. ಈ ಸಂಬಂಧವು ನಾಯಿಯೊಡನೆ ಸುಮಾರು 10ರಿಂದ 14 ವರ್ಷ, ಬೆಕ್ಕಿನೊಡನೆ 15 ವರ್ಷದವರೆಗೂ ನಡೆಯತಕ್ಕದ್ದು. ಇಷ್ಟು ದೀರ್ಘಕಾಲ ದಿನವೂ ತಪ್ಪದೆ ನಡೆಸಬೇಕಾದುದನ್ನು ವ್ರತವೆನ್ನದೆ ಬೇರೇನೆನ್ನಬೇಕು?

ಮಹಾಭಾರತವನ್ನು ಓದಿದವರಿಗೆ ಒಂದು ವಿಶೇಷವು ಕಾಣದಿರದು. ಆ ಗ್ರಂಥದ ಆರಂಭದಲ್ಲಿಯೂ ನಾಯಿಯ ಕಥೆಯಿದೆ, ಮುಗಿಯುವಲ್ಲಿಯೂ ನಾಯಿಯ ಕಥೆಯಿದೆ. ಆದಿಪರ್ವದಲ್ಲಿ ಜನಮೇಜಯನು ಕುರುಕ್ಷೇತ್ರದಲ್ಲಿ ಸತ್ರಯಾಗವನ್ನು ಮಾಡುತ್ತಿರುವಾಗ ಸರಮೆಯೆಂಬ ದೇವಶುನಿಯ ಮರಿಯು ಅಲ್ಲಿಗೆ ಬರುತ್ತದೆ. ಹವಿಸ್ಸನ್ನು ನೆಕ್ಕದ, ಕಣ್ಣೆತ್ತಿಯೂ ನೋಡದ ಆ ಮರಿಯನ್ನು ರಾಜನ ತಮ್ಮಂದಿರು ಹೊಡೆದಟ್ಟುತ್ತಾರೆ. ತಾಯಿಯು ಬಂದು, ತಪ್ಪು ಮಾಡದ ಕೂಸನ್ನು ಏಕೆ ಹೊಡೆದಿರೆಂದು ಕೇಳಿದರೆ ಅವರಲ್ಲಿ ಉತ್ತರವಿಲ್ಲ. ಕಾಣದ ಭಯವೊಂದು ನಿಮ್ಮನ್ನು ಕಾಡಲೆಂದು ಅವಳು ಶಪಿಸುತ್ತಾಳೆ. ಮಹಾಪ್ರಸ್ಥಾನಿಕಪರ್ವದಲ್ಲಿ ಇದಕ್ಕೆ ವಿಪರೀತವಾದ ಪ್ರಸಂಗ. ಪತ್ನಿಯೂ ತಮ್ಮಂದಿರೂ ದಾರಿಯಲ್ಲಿ ಬಿದ್ದುಹೋದ ಮೇಲೆ ಧರ್ಮರಾಯನೊಡನೆ ಉಳಿದುದು ಒಂದು ನಾಯಿ ಮಾತ್ರ. ನಾಯಿಯನ್ನು ಬಿಟ್ಟು ರಥವನ್ನೇರೆಂದು ದೇವೇಂದ್ರನು ಕರೆಯುತ್ತಾನೆ. ನಂಬಿ ಬಂದುದನ್ನು ಬಿಡುವುದು ಮಹಾಪಾತಕವೆಂದು ಹೇಳಿ ಧರ್ಮರಾಯನು ಸ್ವರ್ಗವನ್ನೇ ಒಲ್ಲೆನೆನ್ನುತ್ತಾನೆ. ಶಾಸ್ತ್ರಕಾರರು ಇದನ್ನು ಭಕ್ತತ್ಯಾಗವೆಂಬ ದೋಷವೆಂದು ಕರೆದರು. ಇಲ್ಲಿ ಭಕ್ತನೆಂದರೆ ನಾಯಿ. ಅದನ್ನು ಬಿಡದವನೇ ಧರ್ಮಪುತ್ರನೆಂಬುದನ್ನು ಗಮನಿಸಬೇಕು.

ಕನ್ನಡನಾಡಿನ ಚರಿತ್ರೆಯಲ್ಲಿಯೂ ಇದಕ್ಕೊಂದು ಸಾಕ್ಷಿಯಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಿಲಾಶಾಸನವು ಕ್ರಿ. ಶ. 949-50ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಚೋಳರನ್ನು ತಕ್ಕೋಲದಲ್ಲಿ ಗೆದ್ದ ಕಾಲ. ಆ ಯುದ್ಧದಲ್ಲಿ ಪರಾಕ್ರಮವನ್ನು ಮೆರೆದ ಮಣಲೆರನೆಂಬ ವೀರನಿಗೆ, ಬೇಕಾದುದನ್ನು ಬೇಡಿಕೊಳ್ಳೆಂದು ಒಡೆಯನು ಹೇಳಿದಾಗ ಅವನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಆ ಕಾಳಿಯು ಕಾಡುಹಂದಿಯೊಡನೆ ಹೋರಾಡಿತು. ಹಂದಿಯೂ ನಾಯಿಯೂ ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ಬಿಟ್ಟುಕೊಟ್ಟರು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಟ್ಟುವುದೆಂಬ ಕಟ್ಟಳೆಯನ್ನೂ ಬರೆಸಿದರು. ಪೂಜೆಯು ಊಟಕ್ಕೆ ಮೊದಲು ನಡೆಯಬೇಕೆಂಬುದು ಆ ಕಟ್ಟಳೆಯ ಜೀವಾಳ. ಸತ್ತ ನಾಯಿಯ ಕಲ್ಲಿಗೆ ಸಾವಿರ ವರ್ಷಗಳ ಹಿಂದೆ ಇಂತಹ ಮರ್ಯಾದೆಯಿದ್ದರೆ, ಬದುಕಿರುವ ನಾಯಿಯ ಹಸಿವಿಗೆ ಎಷ್ಟು ಮರ್ಯಾದೆಯಿರಬೇಕೆಂಬುದನ್ನು ಸದ್ಭಕ್ತರು ತಾವೇ ಊಹಿಸಬಹುದು.

ಇಲ್ಲಿ ಕೆಲವರಿಗೆ ಒಂದು ಶಂಕೆ ಹುಟ್ಟುತ್ತದೆ. ವಚನವಾಙ್ಮಯದಲ್ಲಿ ಸೊಣಗವೆಂಬ ಹೆಸರು ಬರುವಲ್ಲೆಲ್ಲ ಬಹುಮಟ್ಟಿಗೆ ನಿಂದೆಯೇ ಇದೆಯಲ್ಲ, ಶರಣರು ನಾಯಿಯನ್ನು ಹೀನವೆಂದೇ ಬಗೆದರಲ್ಲವೇ ಎಂಬುದು ಆ ಶಂಕೆ. ಉಪಮಾನದ ಹುರುಳನ್ನು ಅರಿಯದೆ ಹುಟ್ಟಿದ ಮಾತಿದು. ಎಷ್ಟು ಮನ್ನಿಸಿದರೂ ಹಳೆಯ ಚಾಳಿಗೆ ಎಳಸುವ ಮನುಷ್ಯನ ಮನಸ್ಸನ್ನು ತೋರಿಸಲು ಅವರು ಸೊಣಗನನ್ನು ಹೆಸರಿಸಿದರು. ನಿಂದೆಯು ತಗಲುವುದು ಮನಸ್ಸಿಗೆ, ಪ್ರಾಣಿಗಲ್ಲ. ನಾಯಿಯು ತನ್ನ ಸ್ವಭಾವದಂತೆ ನಡೆದರೆ ಅದಕ್ಕೆ ದೋಷವಿಲ್ಲ. ಅರಿವುಳ್ಳ ಮನುಷ್ಯನು ಕೊಟ್ಟ ಮಾತನ್ನು ಮರೆತು ನಡೆದರೆ ದೋಷ. ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದೊಂದಿದೆ. ತಾನು ಎಲ್ಲರಿಗೂ ಕಿರಿಯನೆಂದು, ಸೇವಕನೆಂದು ಬಗೆದು ನಡೆಯುವುದು ಅದರ ಲಕ್ಷಣ. ಹೇಳಿಕೊಳ್ಳಲು ಬಾಯಿಲ್ಲದ ಜೀವದ ಮಲಮೂತ್ರವನ್ನು ಮುಖ ಸಿಂಡರಿಸದೆ ಬಳಿಯುವವನಿಗೆ ಆ ಆಚಾರದ ಅರ್ಥವು ಗ್ರಂಥವನ್ನೋದುವುದಕ್ಕಿಂತ ಬೇಗ ತಿಳಿಯುತ್ತದೆ.

ಹಾಗಾದರೆ ಮರಿಯನ್ನು ಮನೆಗೆ ತರುವ ಕ್ರಮವೇನು? ಮೊದಲನೆಯದಾಗಿ, 8 ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬಾರದು. ಕಚ್ಚುವಿಕೆಯ ಮಿತಿಯನ್ನೂ ಒಡನಾಟದ ರೀತಿಯನ್ನೂ ಅದು ತಾಯಿಯಿಂದಲೂ ಒಡಹುಟ್ಟುಗಳಿಂದಲೂ ಕಲಿಯುವುದು ಆಗಲೇ. ಎರಡನೆಯದಾಗಿ, ಹಣ ಕೊಟ್ಟು ಕೊಳ್ಳುವ ಮೊದಲು, ದಿಕ್ಕಿಲ್ಲದವುಗಳ ಕಡೆಗೆ ಒಮ್ಮೆ ನೋಡಬೇಕು. ಬೀದಿಯಲ್ಲಿ ಹುಟ್ಟಿದ ಮರಿಗಳಲ್ಲಿ ಗಂಡುಮರಿಗಳನ್ನು ಆರಿಸಿಕೊಂಡು ಹೆಣ್ಣುಮರಿಗಳನ್ನು ಸಂತೆಮಾಳದಲ್ಲಿ ಬಿಟ್ಟುಬರುವ ರೂಢಿಯು ಹಳ್ಳಿಗಳಲ್ಲಿದೆ. ಹೆಣ್ಣು ಗಂಡೆಂಬ ಭೇದವನ್ನು ಅಳಿಸಲು ಹೊರಟ ಶರಣರ ನಾಡಿನಲ್ಲಿ ಈ ಭೇದವು ನಾಯಿಮರಿಯವರೆಗೂ ಇಳಿದಿರುವುದು ವಿಷಾದಕರ. ಬೆಂಗಳೂರಿನಲ್ಲಿ 1991ರಲ್ಲಿ ಆರಂಭವಾದ ಕ್ಯೂಪಾ ಮೊದಲಾದ ಪ್ರಾಣಿದಯಾಸಂಸ್ಥೆಗಳು ಗಾಯಗೊಂಡ, ತೊರೆಯಲ್ಪಟ್ಟ ನಾಯಿಬೆಕ್ಕುಗಳನ್ನು ಆರೈಕೆಮಾಡಿ, ವಿಚಾರಿಸಿ ಮನೆಗಳಿಗೆ ಕೊಡುತ್ತವೆ. ಅಂತಹ ಒಂದು ಜೀವವನ್ನು ಬರಮಾಡಿಕೊಂಡವನು ಒಂದು ದಾಸೋಹವನ್ನೇ ಮಾಡಿದಂತೆ.

ಜಾತಿಯ ನಾಯಿಯೇ ಬೇಕೆನ್ನುವವರು ಅದರ ಪ್ರಕೃತಿಯನ್ನಾದರೂ ಅರಿಯಬೇಕು. ನಾಯಿಯ ಮೈಯೆಲ್ಲ ಮನುಷ್ಯನಂತೆ ಬೆವರುವುದಿಲ್ಲ. ಅದು ತೇಕುತ್ತ ನಾಲಿಗೆಯ ಮೂಲಕವೇ ಮೈಯ ಕಾವನ್ನು ಕಳೆಯುತ್ತದೆ. ಸೈಬೀರಿಯದ ಹಿಮದಲ್ಲಿ ಬಂಡಿ ಎಳೆಯಲು ಹುಟ್ಟಿದ ದಟ್ಟ ರೋಮದ ಹಸ್ಕಿಯನ್ನು ರಾಯಚೂರು ಕಲಬುರಗಿಗಳ ಬೇಸಗೆಗೆ ತಂದು ಕಟ್ಟುವುದು ಅಂದವನ್ನು ಕೊಂಡು ಸಂಕಟವನ್ನು ಸಾಕಿದಂತೆ. ಚಪ್ಪಟೆಮೂಗಿನ ಪಗ್ ನಾಯಿಗೆ ಬಿಸಿಲಿನಲ್ಲಿ ಉಸಿರಾಟವೇ ಕಷ್ಟ. ಇನ್ನು ಕನ್ನಡನಾಡಿನದೇ ಆದ ಮುಧೋಳದ ಬೇಟೆನಾಯಿ, ಭಾರತೀಯ ಅಂಚೆ ಇಲಾಖೆಯು 2005ರಲ್ಲಿ ಯಾವುದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತೋ ಅದು, ಬಯಲಿನಲ್ಲಿ ಓಡಲೆಂದೇ ಹುಟ್ಟಿದುದು. ಎರಡು ಕೋಣೆಯ ಮನೆಯಲ್ಲಿ ಅದನ್ನು ಹಗಲಿರುಳು ಕಟ್ಟಿಹಾಕಿದರೆ ಅದರ ಹುಟ್ಟಿಗೇ ಅನ್ಯಾಯವಾಗುತ್ತದೆ.

ತಂದುದಕ್ಕಿಂತ ದೊಡ್ಡ ಪರೀಕ್ಷೆ ಉಳಿಸಿಕೊಳ್ಳುವುದರಲ್ಲಿದೆ. ಊರು ಬದಲಾಯಿತು, ಬಾಡಿಗೆಯ ಮನೆಯ ಯಜಮಾನನು ಒಪ್ಪಲಿಲ್ಲ, ಮನೆಗೆ ಕೂಸು ಬಂದಿತು, ನಾಯಿಗೆ ವಯಸ್ಸಾಯಿತು ಎಂದು ಕಾರಣಗಳು ಹುಟ್ಟುತ್ತಲೇ ಇರುತ್ತವೆ. 2020ರಲ್ಲಿ ಕೊರೋನಾ ವ್ಯಾಧಿಯು ಸಾಕುಪ್ರಾಣಿಗಳಿಂದ ಹರಡುವುದೆಂಬ ವದಂತಿ ಹಬ್ಬಿದಾಗ, ವರ್ಷಗಟ್ಟಲೆ ಮಡಿಲಲ್ಲಿಟ್ಟುಕೊಂಡ ನಾಯಿಬೆಕ್ಕುಗಳನ್ನು ಕೆಲವರು ಬೀದಿಗೆ ಬಿಟ್ಟ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ಮನೆಯ ಅನ್ನದಲ್ಲಿ ಬೆಳೆದ ನಾಯಿಗೆ ಬೀದಿಯ ಬಾಳು ತಿಳಿಯದು. ಅಲ್ಲಿನ ನಾಯಿಗಳು ಅದನ್ನು ಸೇರಿಸವು. ವಾಹನದ ಗತಿಯು ಅದಕ್ಕೆ ಅರಿಯದು. ಬಿಟ್ಟುಹೋದ ಸ್ಥಳದಲ್ಲಿಯೇ ದಿನಗಟ್ಟಲೆ ಕುಳಿತು, ಬರುವ ಪ್ರತಿಯೊಂದು ವಾಹನಕ್ಕೂ ತಲೆಯೆತ್ತಿ ನೋಡುತ್ತದೆ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾಯಿದೆಯು ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ಅಪರಾಧವೆಂದಿತು. ಮೊದಲ ತಪ್ಪಿಗೆ ಅದು ವಿಧಿಸಿದ ದಂಡ 10ರಿಂದ 50 ರೂಪಾಯಿ. ರಾಜದಂಡವು ಇಷ್ಟು ಹಗುರವಾಗಿರುವಲ್ಲಿ ಅಂತಃಕರಣದ ದಂಡವೇ ಭಾರವಾಗಿರಬೇಕು.

ಮಠದ ಬಾಗಿಲಲ್ಲಿ, ಗುಡಿಯ ಪೌಳಿಯಲ್ಲಿ ಚೀಲದಲ್ಲಿ ಕಟ್ಟಿದ ಮರಿಗಳನ್ನು ಇಟ್ಟುಹೋಗುವವರೂ ಇದ್ದಾರೆ. ದೇವರ ಸನ್ನಿಧಿಯಲ್ಲಿ ಬಿಟ್ಟೆವು, ಪಾಪವಿಲ್ಲವೆಂಬ ಸಮಾಧಾನ ಅವರದು. ತನ್ನ ಕರ್ತವ್ಯವನ್ನು ದೇವರ ಹೆಸರಿನಲ್ಲಿ ಇಳುಹಿ ಹೋಗುವುದು ಅರ್ಪಣವಾಗಲಾರದು. ಸದಾಚಾರದ ಕಾಯಕದಿಂದ ಗಳಿಸಿದುದನ್ನು ತಾನೇ ಮುಂದಾಗಿ ನೀಡುವವನದು ದಾಸೋಹ.

ಈ ಮರಿಗಳ ಮೂಲವನ್ನು ಹುಡುಕಿದರೆ ಇನ್ನೊಂದು ಕರ್ತವ್ಯವು ಕಾಣುತ್ತದೆ. ನಾಯಿಯ ಗರ್ಭಕಾಲ ಸುಮಾರು 63 ದಿನ. ಬೆಕ್ಕಿನದೂ ಹೆಚ್ಚುಕಡಿಮೆ ಅಷ್ಟೇ. ಬೆಕ್ಕು ವರ್ಷಕ್ಕೆ ಎರಡು ಮೂರು ಸಲ ಈಯಬಲ್ಲುದು. ಸಂತಾನಹರಣದ ಶಸ್ತ್ರಕ್ರಿಯೆಯು ಸೃಷ್ಟಿನಿಯಮಕ್ಕೆ ವಿರುದ್ಧವಲ್ಲವೇ ಎಂದು ಸಾತ್ವಿಕರು ಕೇಳುವುದುಂಟು. ಹುಟ್ಟಿದ ನಾಲ್ಕೈದು ಮರಿಗಳಿಗೂ ಆಶ್ರಯ ಕೊಡಲು ಸಿದ್ಧನಿರುವವನು ಹಾಗೆ ಕೇಳಬಹುದು. ಅವುಗಳನ್ನು ಚೀಲದಲ್ಲಿ ಕಟ್ಟುವವನಿಗೆ ಆ ಪ್ರಶ್ನೆಯನ್ನು ಕೇಳುವ ಅಧಿಕಾರವಿಲ್ಲ. ಸಾಕಿದ ಪ್ರಾಣಿಯ ಜಂತುನಾಶಕ ಔಷಧ, ರೋಗನಿರೋಧಕ ಲಸಿಕೆ, ಸಂತಾನಹರಣ ಇವು ಮೂರೂ ಸಾಕಿದವನದೇ ಹೊಣೆಯೆಂದು ಪ್ರಾಣಿಗಳ ಜನನನಿಯಂತ್ರಣದ 2023ರ ನಿಯಮಗಳು ಸ್ಪಷ್ಟವಾಗಿ ಹೇಳಿವೆ.

ಈಗ ಸಸ್ಯಾಹಾರದ ಮನೆಗಳಲ್ಲಿ ಏಳುವ ಕಠಿಣ ಪ್ರಶ್ನೆಯೊಂದನ್ನು ವಿಚಾರಿಸತಕ್ಕದ್ದು. ಬೆಕ್ಕಿಗೆ ಹಾಲು ಅನ್ನವಿದ್ದರೆ ಸಾಕೆಂಬುದು ಜನರ ನಂಬಿಕೆ. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣವಾಗುವುದಿಲ್ಲ. ಬೆಕ್ಕಿನ ದೇಹವು ಟಾರಿನ್ ಎಂಬ ಸತ್ತ್ವವನ್ನು ಸಾಕಷ್ಟು ಮಾಡಿಕೊಳ್ಳಲಾರದು. ಅದು ಮಾಂಸದಲ್ಲಿ ದೊರೆಯುತ್ತದೆ, ಧಾನ್ಯದಲ್ಲಿಲ್ಲ. ಅದರ ಕೊರತೆಯಾದರೆ ಬೆಕ್ಕಿನ ಕಣ್ಣು ಕೆಡುತ್ತದೆ. ಹೃದಯವೂ ಹಿಗ್ಗಿ ದುರ್ಬಲವಾಗುವುದೆಂದು 1987ರಲ್ಲಿ ಅಮೆರಿಕದ ಪಶುವೈದ್ಯರು ಕಂಡುಹಿಡಿದರು. ನಾಯಿಯ ಪ್ರಕೃತಿ ಬೇರೆ. ಮನುಷ್ಯನೊಡನೆ ಬಾಳುತ್ತ ಬಂದ ನಾಯಿಯು ತೋಳಕ್ಕಿಂತ ಚೆನ್ನಾಗಿ ಪಿಷ್ಟವನ್ನು ಅರಗಿಸಿಕೊಳ್ಳಬಲ್ಲುದೆಂದು 2013ರಲ್ಲಿ ಸ್ವೀಡನ್ನಿನ ವಿದ್ವಾಂಸರು ತೋರಿಸಿದರು. ಪಶುವೈದ್ಯನ ಸಲಹೆಯಂತೆ ಎಚ್ಚರದಿಂದ ನಡೆಸಿದರೆ ನಾಯಿಯು ಸಸ್ಯಾಹಾರದ ಮನೆಯಲ್ಲಿಯೂ ಬಾಳಬಹುದು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಇವು ಮಾತ್ರ ಅದಕ್ಕೆ ವಿಷ.

ಹಾಗಿದ್ದ ಮೇಲೆ ಆಚಾರವಂತನಾದ ಗೃಹಸ್ಥನು ಬೆಕ್ಕಿನ ವಿಷಯದಲ್ಲಿ ಏನು ಮಾಡಬೇಕು? ಎರಡು ದಾರಿಗಳು ಮಾತ್ರ ಧರ್ಮಕ್ಕೆ ಒಪ್ಪುವಂಥವು. ಬೆಕ್ಕಿಗೆಂದೇ ಸಿದ್ಧಪಡಿಸಿ ಮಾರುವ ಆಹಾರವನ್ನು ಬೇರೆಯ ಪಾತ್ರೆಯಲ್ಲಿ, ಬೇರೆಯ ಸ್ಥಳದಲ್ಲಿ ನೀಡಲು ಮನಸ್ಸು ಒಪ್ಪಿದರೆ ಸಾಕಬಹುದು. ಅದರಲ್ಲಿ ಮಾಂಸವಿರುವುದರಿಂದ ಮನಸ್ಸು ಒಪ್ಪದಿದ್ದರೆ ಬೆಕ್ಕನ್ನು ತರಲೇಬಾರದು. ತನ್ನ ನಿಯಮವನ್ನು ಅದರ ಮೇಲೆ ಹೇರಿ, ಅದರ ಕಣ್ಣನ್ನೂ ಹೃದಯವನ್ನೂ ಬಲಿಗೊಟ್ಟು, ತಾನು ಅಹಿಂಸಕನೆಂದು ಹೇಳಿಕೊಳ್ಳುವುದು ಆಚಾರವಲ್ಲ. ಇಲಿಯನ್ನು ಹಿಡಿಯುವುದು ಬೆಕ್ಕಿನ ಸ್ವಭಾವ. ವಿಧಿನಿಷೇಧಗಳು ವಿವೇಕವುಳ್ಳ ಮನುಷ್ಯನಿಗೆ.

ದಯೆಯು ಮನೆಯೊಳಗಿನ ಪ್ರಾಣಿಗಷ್ಟೇ ಮೀಸಲಾಗಬಾರದು. ನೆರೆಮನೆಯ ಕೂಸಿನ ಮೇಲೂ ಇರಬೇಕು. ರೇಬೀಸ್ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಅತಿ ವಿರಳ. ಆದರೆ 1885ರಲ್ಲಿ ಲೂಯಿ ಪಾಶ್ಚರನು ಲಸಿಕೆಯನ್ನು ಮೊದಲಬಾರಿಗೆ ಬಾಲಕನೊಬ್ಬನಿಗೆ ಕೊಟ್ಟಂದಿನಿಂದ ಈ ಮರಣವು ತಡೆಯಬಹುದಾದ ಮರಣವಾಯಿತು. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆಯನ್ನು ಹಾಕಿಸಿ, ವೈದ್ಯನು ಹೇಳಿದ ಅವಧಿಗೆ ತಪ್ಪದೆ ಮತ್ತೆ ಹಾಕಿಸಬೇಕು. ಯಾರಿಗಾದರೂ ನಾಯಿ ಬೆಕ್ಕುಗಳು ಕಚ್ಚಿದರೆ, ಪರಚಿದರೆ, ಸುಣ್ಣ ಅರಿಸಿನ ಮೆಣಸಿನಪುಡಿಗಳನ್ನು ಹಚ್ಚದೆ, ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೀದಿಯಲ್ಲಿ ನಡೆಸುವಾಗ ಹಗ್ಗವು ಕೈಯಲ್ಲಿರಬೇಕು. ಪರರ ಬಾಗಿಲಲ್ಲಿ ಬಿದ್ದ ಮಲವನ್ನು ಸಾಕಿದವನೇ ಎತ್ತಬೇಕು. ತನ್ನ ನಾಯಿಯನ್ನು ಮುದ್ದಿಸಿ ನೆರೆಯವರನ್ನು ಹೆದರಿಸುವವನದು ಮೋಹ, ಅದನ್ನು ದಯೆಯೆನ್ನಲಾಗದು.

ಇನ್ನು ನಿತ್ಯದ ಕ್ರಮ. ಬೆಳಗಾಗುತ್ತಲೇ ನಾಯಿಯನ್ನು ಹೊರಗೆ ನಡೆಸುವುದು, ನೀರಿನ ಬಟ್ಟಲನ್ನು ತೊಳೆದು ತುಂಬುವುದು, ಉಣ್ಣೆ ಚಿಗಟಗಳನ್ನು ನೋಡಿ ತೆಗೆಯುವುದು, ಕಿವಿ ಹಲ್ಲುಗಳನ್ನು ಪರೀಕ್ಷಿಸುವುದು, ದೀಪಾವಳಿಯ ಸಿಡಿಮದ್ದಿಗೆ ನಡುಗುವಾಗ ಒಳಕೋಣೆಯಲ್ಲಿ ಜೊತೆಗಿರುವುದು, ಇವೆಲ್ಲ ಸಣ್ಣ ಕೆಲಸಗಳು. ಒಂದು ದಿನ ಮಾಡುವುದು ಸುಲಭ. 12 ವರ್ಷ ಮಾಡುವುದು ಸಾಧನೆ. ಮನೆಯ ಮಕ್ಕಳಿಗೆ ಇದರಲ್ಲಿ ಪಾಲು ಕೊಡಬೇಕು, ಹೊಣೆಯನ್ನು ಮಾತ್ರ ಹಿರಿಯರು ಬಿಡಬಾರದು. ಆತಕೂರಿನ ಗೊರವನಿಗೆ ವಿಧಿಸಿದ ನಿಯಮವನ್ನು ಪ್ರತಿಯೊಂದು ಮನೆಯೂ ಕೈಕೊಳ್ಳಬಹುದು: ಆಶ್ರಿತವಾದ ಪ್ರಾಣಿಯ ಬಟ್ಟಲು ತುಂಬದೆ ಗೃಹಸ್ಥನು ತುತ್ತನ್ನು ಎತ್ತಬಾರದು.

ಕಡೆಗೆ ಮುಪ್ಪು ಬರುತ್ತದೆ. ಕಾವಲು ಕಾದ ನಾಯಿಗೆ ಕಣ್ಣು ಮಂಜಾಗುತ್ತದೆ, ಹಿಂಗಾಲು ಸೋಲುತ್ತದೆ. ಬೆಕ್ಕು ಅಟ್ಟವನ್ನೇರಲಾರದೆ ಒಲೆಯ ಬಳಿ ಮುದುಡಿರುತ್ತದೆ. ಆಗ ಅವುಗಳಿಂದ ಮನೆಗೆ ಯಾವ ಉಪಯೋಗವೂ ಇಲ್ಲ. ಉಪಯೋಗಕ್ಕಾಗಿ ಸಾಕಿದವನಿಗೂ ದಯೆಯಿಂದ ಸಾಕಿದವನಿಗೂ ಇರುವ ಅಂತರವು ಗೊತ್ತಾಗುವುದು ಆ ಒಂದೆರಡು ವರ್ಷಗಳಲ್ಲಿಯೇ. ಮರಿಯನ್ನು ತರುವ ದಿನವೇ ಆ ಕಡೆಯ ದಿನಗಳನ್ನು ಮನಸ್ಸಿಗೆ ತಂದುಕೊಂಡು, ಅಲ್ಲಿಯವರೆಗೂ ನಡೆಸಬಲ್ಲೆನೆಂಬ ನಿಶ್ಚಯವಿದ್ದವನು ಮಾತ್ರ ಕೈಚಾಚಲಿ. ಆ ನಿಶ್ಚಯವಿಲ್ಲದವನು ಮನೆಯ ಮುಂದೆ ಒಂದು ಬೋಗುಣಿ ನೀರನ್ನಿಟ್ಟರೂ ಸಾಕು. ಬಿಸಿಲಿನಲ್ಲಿ ಬಂದು ಕುಡಿದುಹೋಗುವ ಜೀವಗಳು ಬೀದಿಯಲ್ಲಿ ಬೇಕಾದಷ್ಟಿವೆ.